ಡ್ರಗ್ಸ್ ಚಟಕ್ಕೆ ಜೈಲೇ ಮದ್ದಾ? ಪದೇ ಪದೇ ಕೇಳೋ ಪ್ರಶ್ನೆಗಳು

ಡ್ರಗ್ಸ್ ಕಾನೂನಿಂದ ಅನ್ಯಾಯ ಆಗ್ತಿದೆ ಅಂತ ಬಾಯಿ ಬಿಟ್ರೆ ಸಾಕು, ಎದುರಿಂದ ಅವೇ ಪ್ರಶ್ನೆಗಳು ಬರ್ತವೆ. ಕೆಲವರು ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಾರೆ, ಕೆಲವರದ್ದು ಬೈಯೋಕೆ ಮುಂಚಿನ ಪೀಠಿಕೆ ಅಷ್ಟೇ. ಎರಡೂ ಥರದವರಿಗೆ ಸೇರಿಸಿ ಬರ್ದಿಟ್ಟಿದೀನಿ. ಉದ್ದ ಆಗಿದೆ, ಬೇಕಾದ ಪ್ರಶ್ನೆಗೆ ನೇರ ಹೋಗಿ.

ಅಂದ್ರೆ ಡ್ರಗ್ಸ್ ಒಳ್ಳೇದು ಅಂತೀರಾ?

ಇಲ್ಲ ಮಾರಾಯ್ರೆ. ಹೆರಾಯಿನ್ ಚಟ ಹತ್ತಿದವರ ಮನೆ ಹೇಗಿರುತ್ತೆ ಅಂತ ಗೊತ್ತಿರೋರು ಯಾರೂ ಹಾಗನ್ನಲ್ಲ. ವಿಷ ಕೆಟ್ಟದ್ದು ಅನ್ನೋದ್ರಲ್ಲಿ ಜಗಳನೇ ಇಲ್ಲ, ವಿಷ ಕುಡಿದೋರಿಗೆ ಏನ್ ಮಾಡ್ಬೇಕು ಅನ್ನೋದ್ರಲ್ಲಿ ಜಗಳ ಇರೋದು. ಐವತ್ತು ವರ್ಷಕ್ಕೂ ಮೇಲಿಂದ ಹೆಚ್ಚುಕಮ್ಮಿ ಎಲ್ಲಾ ದೇಶಗಳೂ ಒಂದೇ ಕಷಾಯ ಕುಡಿಸ್ಕೊಂಡು ಬಂದಿವೆ: ಹಿಡಿ, ಒಳಗೆ ಹಾಕು, ಬಗ್ಗಲಿಲ್ಲ ಅಂದ್ರೆ ಶಿಕ್ಷೆ ಜಾಸ್ತಿ ಮಾಡು. ಅದ್ರಿಂದ ಡ್ರಗ್ಸ್ ಕಮ್ಮಿ ಆಯ್ತಾ, ಸಾಯೋರು ಕಮ್ಮಿ ಆದ್ರಾ, ಯಾರು ಒಳಗೆ ಹೋದ್ರು, ಯಾರು ಹೊರಗೇ ಉಳಿದ್ರು, ಇಷ್ಟೇ ನಾನು ಕೇಳ್ತಿರೋದು.

ಈ "ಡ್ರಗ್ಸ್ ವಿರುದ್ಧ ಯುದ್ಧ" ಯಾವಾಗ ಶುರುವಾಯ್ತು?

ಅಮೆರಿಕದಲ್ಲಿ 1914ರ ಹ್ಯಾರಿಸನ್ ಕಾಯ್ದೆಯಿಂದನೇ ಬೇರು ಇದೆ, ಆದ್ರೆ ಪ್ರಪಂಚಕ್ಕೆಲ್ಲ ಒಂದೇ ಅಚ್ಚು ಹಾಕಿದ್ದು ವಿಶ್ವಸಂಸ್ಥೆಯ 1961ರ ಒಪ್ಪಂದ. ಆಮೇಲೆ 1971ರಲ್ಲಿ ಇನ್ನೊಂದು, 1988ರಲ್ಲಿ ಮತ್ತೊಂದು. ಅದೇ 1971ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಡ್ರಗ್ಸ್ ಚಟನೇ ದೇಶದ ನಂಬರ್ ಒಂದು ಶತ್ರು ಅಂತ ಘೋಷಣೆ ಮಾಡಿದ್ರು, ಆವತ್ತಿಂದ "ಯುದ್ಧ" ಅನ್ನೋ ಮಾತು ಅಂಟ್ಕೊಂಡುಬಿಡ್ತು. 1998ರಲ್ಲಿ ವಿಶ್ವಸಂಸ್ಥೆ ವಿಶೇಷ ಅಧಿವೇಶನ ಕರೆದು, ಡ್ರಗ್ಸ್ ಇಲ್ಲದ ಪ್ರಪಂಚ ಮಾಡೇ ಮಾಡ್ತೀವಿ ಅಂತ ಹೇಳಿ 2008ರ ಗಡುವು ಇಟ್ಕೊಂಡಿತ್ತು. ಅದೇ ವಿಶ್ವಸಂಸ್ಥೆ ಲೆಕ್ಕದ ಪ್ರಕಾರ 2023ರಲ್ಲಿ ಡ್ರಗ್ಸ್ ತಗೊಂಡೋರು ಸುಮಾರು 31.6 ಕೋಟಿ ಜನ, ಅದೂ ಹೆಂಡ ತಂಬಾಕು ಬಿಟ್ಟು. ಬೇರೆ ಯಾವ ಇಲಾಖೆ ಯೋಜನೆ ಈ ಥರ ಮುಗ್ಗರಿಸಿದ್ರೂ ಇಷ್ಟೊತ್ತಿಗೆ ಫೈಲ್ ಕ್ಲೋಸ್ ಮಾಡಿರ್ತಿದ್ರು, ಇಲ್ಲಿ ಮಾತ್ರ ಸೋತಷ್ಟೂ ಬಜೆಟ್ ಜಾಸ್ತಿ.

ಶಿಕ್ಷೆ ಜೋರಾಗಿದ್ರೆ ಜನ ಹೆದರ್ತಾರೆ ತಾನೆ?

ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಹೆದರಿಕೆ ಕೆಲಸ ಮಾಡ್ಬೇಕು ಅಂದ್ರೆ ಮನುಷ್ಯ ಕೂತು ಲಾಭ ನಷ್ಟ ಲೆಕ್ಕ ಹಾಕೋ ಸ್ಥಿತೀಲಿರ್ಬೇಕು. ಹೆರಾಯಿನ್ ಸಿಗದೆ ಮೈ ಕೈ ಮುರಿದು ವಾಂತಿ ಭೇದಿ ಶುರುವಾಗಿ ಒದ್ದಾಡ್ತಿರೋನಿಗೆ ಹತ್ತು ವರ್ಷದ ಜೈಲು ದೂರದ ಮಾತು, ಮುಂದಿನ ಅರ್ಧ ಗಂಟೆನೇ ಅವನ ಪ್ರಪಂಚ. ಅಮೆರಿಕದಲ್ಲಿ 1980ರಲ್ಲಿ ಡ್ರಗ್ಸ್ ಕೇಸಲ್ಲಿ ಒಳಗಿದ್ದೋರು ಸುಮಾರು 40 ಸಾವಿರ, ಆಮೇಲೆ ಅದು 4 ಲಕ್ಷ ದಾಟಿತು. ಹತ್ತು ಪಟ್ಟು ಜೈಲು. ಹೆದರಿಕೆಯಿಂದ ಆಗೋ ಹಾಗಿದ್ರೆ ಅಲ್ಲಿ ಇಷ್ಟೊತ್ತಿಗೆ ಡ್ರಗ್ಸ್ ಹೆಸರೇ ಮರೆತುಹೋಗ್ಬೇಕಿತ್ತು, ಆದ್ರೆ 2021ರಲ್ಲಿ ಓವರ್‌ಡೋಸ್ ಆಗಿ ಒಂದೇ ವರ್ಷ ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ರು.

ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ, ಯಾರೂ ನೋಡಲ್ಲ. ಅದೇ ಅಮೆರಿಕದಲ್ಲಿ 1965ರಲ್ಲಿ ದೊಡ್ಡೋರಲ್ಲಿ 42% ಜನ ಸಿಗರೇಟ್ ಸೇದ್ತಿದ್ರು, ಈಗ 12%ಗಿಂತ ಕಮ್ಮಿ. ಸಿಗರೇಟು ಸೇದಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕ್ಲಿಲ್ಲ, ಬಾಗಿಲು ಒಡೆದು ಯಾರ ಮನೆಗೂ ನುಗ್ಗಲಿಲ್ಲ. ತೆರಿಗೆ ಏರಿಸಿದ್ರು, ಟಿವಿ ರೇಡಿಯೋ ಜಾಹೀರಾತು ನಿಲ್ಸಿದ್ರು, ಸೇದೋ ಜಾಗ ಕಮ್ಮಿ ಮಾಡಿದ್ರು, ಬಿಡೋಕೆ ಸಹಾಯ ಕೊಟ್ರು. ನಿಕೋಟಿನ್ ಏನು ಸಣ್ಣ ಚಟನಾ?

ಆದ್ರೆ ಒಂದ್ಸಲ ಹಿಡೀತು ಅಂದ್ರೆ ಬಿಡೋದೇ ಇಲ್ವಲ್ಲ?

ಇದೂ ಅರ್ಧ ಸತ್ಯ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕನ್ ಸೈನಿಕರಲ್ಲಿ ಐದರಲ್ಲಿ ಒಬ್ರಿಗೆ ಅಲ್ಲಿ ಹೆರಾಯಿನ್ ಥರದ್ದರ ಚಟ ಹತ್ತಿತ್ತು. ವಾಪಸ್ ಬಂದ್ಮೇಲೆ ಊರೆಲ್ಲ ಹಾಳಾಗುತ್ತೆ ಅಂತ ಸರ್ಕಾರ ಗಾಬರಿ ಬಿದ್ದಿತ್ತು. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಅವರ ಬೆನ್ನು ಹತ್ತಿ ನೋಡಿದ್ರೆ, ಚಟ ಇದ್ದೋರಲ್ಲಿ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದಿದ್ದು ಸುಮಾರು 5% ಮಾತ್ರ. ಯುದ್ಧಭೂಮಿ ಬಿಟ್ಟು ಮನೆ, ಕೆಲಸ, ಜನ ಸಿಕ್ಕಿದ್ಮೇಲೆ ಹೆಚ್ಚಿನವರು ಹೊರಗೆ ಬಂದ್ರು. ಜೈಲು ಕಿತ್ಕೊಳ್ಳೋದು ಕರೆಕ್ಟಾಗಿ ಆ ಮೂರನ್ನೇ. ಡ್ರಗ್ಸ್ ಕೇಸ್ ಇರೋನಿಗೆ ಕೆಲಸ ಯಾರು ಕೊಡ್ತಾರೆ, ಬಾಡಿಗೆ ಮನೆ ಯಾರು ಕೊಡ್ತಾರೆ ಹೇಳಿ.

ಬಳಸೋರನ್ನ ಬಿಡಿ, ದಂಧೆ ಮಾಡೋ ದೊಡ್ಡ ಕುಳಗಳನ್ನ ಹಿಡೀತಾರಲ್ಲ, ಅದು ಒಳ್ಳೇದಲ್ವಾ?

ಹಿಡಿದ್ರೆ ಒಳ್ಳೇದು. ಹಿಡಿಯೋದು ಯಾರನ್ನ ಅಂತ ನೋಡಿ. ಕಾನೂನು ತೂಕ ನೋಡುತ್ತೆ, ಲಾಭ ಯಾರ ಜೇಬಿಗೆ ಹೋಯ್ತು ಅಂತ ನೋಡಲ್ಲ. ದೊಡ್ಡೋನು ಯಾವತ್ತೂ ಮಾಲು ಮುಟ್ಟಲ್ಲ, ಸಾಲ ತೀರ್ಸೋಕೆ ಚೀಲ ಹೊತ್ತ ಹುಡುಗ, ಏನಿದೆ ಅಂತ ಪೂರ್ತಿ ಗೊತ್ತಿಲ್ದೆ ಸೂಟ್‌ಕೇಸ್ ಹಿಡ್ಕೊಂಡ ಹೆಂಗಸು, ಅವರ ಕೈಲಿ ತೂಕ ಸಿಗುತ್ತೆ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ.

ಸಿಂಗಾಪುರದಲ್ಲಿ 15 ಗ್ರಾಂ ಮೀರಿ ಶುದ್ಧ ಹೆರಾಯಿನ್ ಸಾಗಿಸಿದ್ರೆ ಗಲ್ಲು. 2022ರ ಏಪ್ರಿಲ್‌ನಲ್ಲಿ ಅಲ್ಲಿ ಮಲೇಷ್ಯಾದ ಒಬ್ಬನನ್ನ ನೇಣಿಗೆ ಹಾಕಿದ್ರು, ಅವನು ಸಿಕ್ಕಿಬಿದ್ದಿದ್ದು 2009ರಲ್ಲಿ, ತೊಡೆಗೆ ಕಟ್ಕೊಂಡಿದ್ದ ಪೊಟ್ಟಣದಲ್ಲಿ 43 ಗ್ರಾಂ ಹತ್ತಿರ ಹೆರಾಯಿನ್ ಇತ್ತು, ಅವನ ಐಕ್ಯೂ 69 ಅಂತ ಕೋರ್ಟಲ್ಲೇ ದಾಖಲಾಗಿತ್ತು. ಆ ಪೊಟ್ಟಣ ಕಟ್ಟಿ ಕಳ್ಸಿದ ಜಾಲ ಅವನನ್ನ ನೇಣಿಗೆ ಹಾಕಿದ ಮಾತ್ರಕ್ಕೆ ಒಂದು ದಿನನಾದ್ರೂ ರಜಾ ತಗೊಂಡಿರುತ್ತೆ ಅಂತ ನನಗನ್ಸಲ್ಲ.

ಇನ್ನೊಂದು ಹೊಟ್ಟೆ ಉರಿಯೋ ವಿಷ್ಯ ಇದೆ. ಎಷ್ಟೋ ದೇಶಗಳಲ್ಲಿ ಬೇರೆಯವರ ಹೆಸರು ಹೇಳಿದ್ರೆ ಶಿಕ್ಷೆ ಕಮ್ಮಿ ಮಾಡ್ತಾರೆ. ಹೇಳೋಕೆ ಹೆಸರುಗಳಿರೋದು ಯಾರ ಹತ್ರ? ದಂಧೇಲಿ ಮೇಲಿರೋನ ಹತ್ರ. ಕೆಳಗಿನ ಹುಡುಗನಿಗೆ ಚೀಲ ಕೊಟ್ಟೋನ ಅಡ್ಡಹೆಸರು ಬಿಟ್ರೆ ಏನೂ ಗೊತ್ತಿರಲ್ಲ, ಹಾಗಾಗಿ ಅವನಿಗೇ ಪೂರ್ತಿ ಶಿಕ್ಷೆ, ಗೊತ್ತಿರೋನಿಗೆ ರಿಯಾಯಿತಿ.

ಕಾನೂನು ಎಲ್ಲರಿಗೂ ಒಂದೇ ಅಲ್ವಾ, ಇದರಲ್ಲಿ ಜಾತಿ ಬಣ್ಣ ಎಲ್ಲಿಂದ ಬಂತು?

ಕಾಗದದ ಮೇಲೆ ಒಂದೇ. 1986ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ತಂದ್ರು. 500 ಗ್ರಾಂ ಪುಡಿ ಕೊಕೇನ್ ಇದ್ರೆ ಕನಿಷ್ಠ ಐದು ವರ್ಷ, ಅದೇ ಕೊಕೇನನ್ನ ಸೋಡಾ ಹಾಕಿ ಕಾಯಿಸಿ ಮಾಡಿದ ಕ್ರ್ಯಾಕ್ ಆದ್ರೆ ಬರೀ 5 ಗ್ರಾಂಗೇ ಅದೇ ಐದು ವರ್ಷ. 5 ಗ್ರಾಂ ಅಂದ್ರೆ ಒಂದು ಟೀ ಚಮಚ ಸಕ್ಕರೆ ತೂಕ. ಪುಡಿ ದುಡ್ಡಿರೋರ ಪಾರ್ಟೀಲಿ ಓಡ್ತಿತ್ತು, ಕ್ರ್ಯಾಕ್ ಬಡ ಕಪ್ಪು ಜನರ ಬೀದೀಲಿ ಚಿಲ್ಲರೆ ಸಿಗ್ತಿತ್ತು. ಕ್ರ್ಯಾಕ್ ಕೇಸಲ್ಲಿ ಫೆಡರಲ್ ಕೋರ್ಟ್ ಶಿಕ್ಷೆ ಕೊಟ್ಟಿದ್ರಲ್ಲಿ 80%ಗಿಂತ ಜಾಸ್ತಿ ಕಪ್ಪು ಜನ. ಒಂದಕ್ಕೆ ನೂರರ ಈ ಲೆಕ್ಕ ತಪ್ಪು ಅಂತ ಒಪ್ಕೊಳ್ಳೋಕೆ 2010 ಆಯ್ತು, ಆಗ್ಲೂ ಪೂರ್ತಿ ಸಮ ಮಾಡ್ಲಿಲ್ಲ, ಒಂದಕ್ಕೆ ಹದಿನೆಂಟಕ್ಕೆ ಇಳಿಸಿದ್ರು, ಅದು ಹಳೇ ಕೈದಿಗಳಿಗೂ ಅನ್ವಯ ಆಗಿದ್ದು 2018ರಲ್ಲಿ. ಮಧ್ಯದ ವರ್ಷಗಳನ್ನ ಒಳಗೆ ಕಳೆದೋರಿಗೆ ಯಾರು ವಾಪಸ್ ಕೊಡ್ತಾರೆ.

ಗಾಂಜಾ ವಿಷ್ಯದಲ್ಲೂ ಅಷ್ಟೇ. ಬಿಳಿಯರೂ ಕಪ್ಪು ಜನರೂ ಸೇದೋ ಪ್ರಮಾಣ ಹೆಚ್ಚುಕಮ್ಮಿ ಒಂದೇ, ಆದ್ರೆ 2013ರಲ್ಲಿ ಬಂದ ಲೆಕ್ಕದ ಪ್ರಕಾರ ಇಟ್ಕೊಂಡಿದ್ದಕ್ಕೆ ಅರೆಸ್ಟ್ ಆಗೋ ಸಂಭವ ಕಪ್ಪು ಜನರಿಗೆ 3.7 ಪಟ್ಟು ಜಾಸ್ತಿ. ಪೊಲೀಸ್ರು ಎಲ್ಲಿ ನಿಂತ್ಕೊಂಡು ಜೇಬು ತಡಕ್ತಾರೋ ಅಲ್ಲೇ ಸಿಗುತ್ತೆ, ಬಂಗಲೆಗಳ ಒಳಗೆ ಯಾರೂ ತಡಕಲ್ಲ. ಬಣ್ಣದ ಜಾಗದಲ್ಲಿ ಬಡತನ ಅಂತ ಇಟ್ರೆ ಯಾವ ದೇಶಕ್ಕಾದ್ರೂ ಹೊಂದುತ್ತೆ.

ಭಾರತದ ಡ್ರಗ್ಸ್ ಕಾನೂನು, ಅಂದ್ರೆ ಎನ್‌ಡಿಪಿಎಸ್ ಕಾಯ್ದೆ, ಅಷ್ಟೊಂದು ಕೆಟ್ಟದ್ದಾ?

1985ರಲ್ಲಿ ಬಂದಾಗ ಇನ್ನೂ ಕೆಟ್ಟದ್ದಿತ್ತು. 2001ರ ತಿದ್ದುಪಡೀಲಿ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಅಂತ ಭಾಗ ಮಾಡಿದ್ರು. ಹೆರಾಯಿನ್ 5 ಗ್ರಾಂವರೆಗೆ ಸಣ್ಣದು, 250 ಗ್ರಾಂ ಮೇಲೆ ವಾಣಿಜ್ಯ. ಗಾಂಜಾ ಆದ್ರೆ 1 ಕೆಜಿ, 20 ಕೆಜಿ. ಸಣ್ಣದಕ್ಕೆ ಒಂದು ವರ್ಷದವರೆಗೆ, ವಾಣಿಜ್ಯಕ್ಕೆ ಹತ್ತರಿಂದ ಇಪ್ಪತ್ತು ವರ್ಷ.

ಮಜಾ ಅಂದ್ರೆ (ಒಳಗಿರೋರಿಗೆ ಮಜಾ ಅಲ್ಲ) ತೂಕ ಹಾಕೋ ರೀತಿ. ಬೀದೀಲಿ ಸಿಗೋ ಬ್ರೌನ್ ಶುಗರ್‌ನಲ್ಲಿ ಹೆರಾಯಿನ್ ಸ್ವಲ್ಪ, ಮಿಕ್ಕಿದ್ದೆಲ್ಲ ಕಲಬೆರಕೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಳಗಿರೋ ಶುದ್ಧ ಡ್ರಗ್ ಎಷ್ಟೋ ಅಷ್ಟೇ ಲೆಕ್ಕಕ್ಕೆ ತಗೊಳ್ಳಿ ಅಂದಿತ್ತು, 2020ರ ಹೀರಾ ಸಿಂಗ್ ತೀರ್ಪಲ್ಲಿ ಅದನ್ನ ತಿರುಗಿಸಿ ಕಲಬೆರಕೆ ಸಮೇತ ತೂಕ ಹಾಕಿ ಅಂದ್ರು. ಅಂದ್ರೆ 300 ಗ್ರಾಂ ಪುಡೀಲಿ 5% ಹೆರಾಯಿನ್ ಇದ್ರೆ ಅಸಲಿ ಮಾಲು 15 ಗ್ರಾಂ, ಆದ್ರೆ ಶಿಕ್ಷೆ 300 ಗ್ರಾಂದು. ಮೈದಾಗೋ ಗ್ಲೂಕೋಸ್‌ಗೋ ಜೈಲು.

ಬೇಲ್ ಕಥೆ ಇನ್ನೂ ಬೇರೆ. 37ನೇ ಸೆಕ್ಷನ್ ಪ್ರಕಾರ ವಾಣಿಜ್ಯ ಪ್ರಮಾಣದ ಕೇಸಲ್ಲಿ ಬೇಲ್ ಬೇಕಂದ್ರೆ ಆರೋಪಿ ತಪ್ಪು ಮಾಡಿಲ್ಲ ಅಂತ ನಂಬೋಕೆ ಸಕಾರಣ ಇದೆ ಅಂತ ಕೋರ್ಟಿಗೆ ಮನವರಿಕೆ ಆಗ್ಬೇಕು, ವಿಚಾರಣೆ ಶುರುವಾಗೋಕೆ ಮುಂಚೆನೇ. 35 ಮತ್ತೆ 54ನೇ ಸೆಕ್ಷನ್‌ಗಳು ಮಾಲು ಸಿಕ್ತು ಅಂದ್ರೆ ಗೊತ್ತಿದ್ದೇ ಇಟ್ಕೊಂಡಿದ್ದ ಅಂತ ಅಂದಾಜು ಮಾಡ್ಕೊಳ್ತವೆ, ಅಲ್ಲ ಅಂತ ಸಾಬೀತು ಮಾಡೋ ಭಾರ ಆರೋಪಿ ಮೇಲೆ. ಹೀಗಿದ್ಮೇಲೆ ಕೊನೇಲಿ ಖುಲಾಸೆ ಆದ್ರೂ ಏನ್ ಸುಖ, ಅಷ್ಟೊತ್ತಿಗೆ ವರ್ಷಗಟ್ಲೆ ಒಳಗೆ ಕಳೆದಿರುತ್ತೆ. ವಿಚಾರಣೆನೇ ಶಿಕ್ಷೆ.

ಒಳ್ಳೇ ಸೆಕ್ಷನ್ ಒಂದಿದೆ, 64ಎ. ಚಟ ಇರೋನು, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇರೋನು ತಾನೇ ಚಿಕಿತ್ಸೆಗೆ ಹೋದ್ರೆ ಕೇಸಿಂದ ರಕ್ಷಣೆ ಸಿಗುತ್ತೆ. ಇದು ಬೇಕಾದೋರಿಗೆ ಇದು ಇರೋದೇ ಗೊತ್ತಿಲ್ಲ. ಅಂದಹಾಗೆ ಅದೇ ಗಿಡದ ಹೂವು ಗಾಂಜಾ, ಅಪರಾಧ. ಅದೇ ಗಿಡದ ಎಲೆ ಭಂಗಿ, ಕಾಯ್ದೆಯ ವ್ಯಾಖ್ಯಾನದಿಂದಲೇ ಹೊರಗೆ. ಗಿಡಕ್ಕೆ ಈ ವ್ಯತ್ಯಾಸ ಗೊತ್ತಿದೆಯೋ ಇಲ್ವೋ.

ಬೆಳೆಯೋ ಕಡೆನೇ ಸುಟ್ಟು ಹಾಕಿದ್ರೆ ಮುಗೀತಲ್ವಾ?

ಸುಟ್ಟು ನೋಡಿದಾರೆ, ವಿಮಾನದಿಂದ ಕಳೆನಾಶಕ ಸುರಿದೂ ನೋಡಿದಾರೆ. ಕೊಲಂಬಿಯಾದಲ್ಲಿ ಅಮೆರಿಕದ ದುಡ್ಡಲ್ಲಿ ವರ್ಷಗಟ್ಲೆ ಕೋಕಾ (ಕೊಕೇನ್ ಬರೋ ಗಿಡ) ತೋಟಗಳ ಮೇಲೆ ಗ್ಲೈಫೋಸೇಟ್ ಸುರಿದ್ರು, ಪಕ್ಕದ ಊಟದ ಬೆಳೆನೂ ಹೋಯ್ತು, 2015ರಲ್ಲಿ ಆರೋಗ್ಯದ ಕಾರಣಕ್ಕೆ ನಿಲ್ಸಿದ್ರು. 2023ರಲ್ಲಿ ಅಲ್ಲಿ ಕೋಕಾ ಬೆಳೆದ ಜಾಗ ಸುಮಾರು 2.53 ಲಕ್ಷ ಹೆಕ್ಟೇರ್, ದಾಖಲೆ. ಬಲೂನ್ ಒಂದು ಕಡೆ ಅದುಮಿದ್ರೆ ಇನ್ನೊಂದು ಕಡೆ ಉಬ್ಬುತ್ತೆ. 2022ರಲ್ಲಿ ತಾಲಿಬಾನ್ ಅಫೀಮು ಬೆಳೆ ನಿಷೇಧಿಸಿದಾಗ ಮರು ವರ್ಷವೇ ಅಫ್ಘಾನಿಸ್ತಾನದಲ್ಲಿ ಬೆಳೆ 95% ಬಿತ್ತು. ಬಡ ರೈತರ ಕೈ ಖಾಲಿಯಾಯ್ತು, 2023ರಲ್ಲೇ ಮ್ಯಾನ್ಮಾರ್ ಪ್ರಪಂಚದ ಅತಿ ದೊಡ್ಡ ಅಫೀಮು ಬೆಳೆಗಾರ ದೇಶ ಆಯ್ತು.

ಮೆಕ್ಸಿಕೋದಲ್ಲಿ 2006ರ ಡಿಸೆಂಬರ್‌ನಲ್ಲಿ ಸೈನ್ಯನೇ ಇಳಿಸಿದ್ರು. ಒಂದು ಗ್ಯಾಂಗಿನ ತಲೆ ತೆಗೆದ್ರೆ ಅದು ಮೂರಾಗಿ ಒಡೆದು ಮೂರೂ ಜಾಗಕ್ಕೋಸ್ಕರ ಕಚ್ಚಾಡ್ತಾವೆ, ಇವತ್ತು ಅಲ್ಲಿ ಕಾಣೆಯಾದೋರ ಪಟ್ಟಿನೇ ಒಂದು ಲಕ್ಷ ದಾಟಿದೆ. ಆ ಯುದ್ಧದ ಹೊತ್ತಲ್ಲಿ ಭದ್ರತಾ ಮಂತ್ರಿ ಆಗಿದ್ದ ಗೆನಾರೊ ಗಾರ್ಸಿಯಾ ಲೂನಾ ಕಾರ್ಟೆಲ್ ಹತ್ರನೇ ಲಂಚ ತಿಂದಿದ್ದ ಅಂತ 2023ರಲ್ಲಿ ಅಮೆರಿಕದ ಕೋರ್ಟು ತೀರ್ಪು ಕೊಡ್ತು, 2024ರಲ್ಲಿ 38 ವರ್ಷ ಜೈಲು ಅಂತ ಶಿಕ್ಷೆ ಆಯ್ತು. ಬೇಲಿನೇ ಎದ್ದು ಹೊಲ ಮೇಯ್ದಿದ್ದು ಅಂದ್ರೆ ಇದೇ.

ಡ್ರಗ್ಸ್ ದಿನೇ ದಿನೇ ಯಾಕೆ ಸ್ಟ್ರಾಂಗ್ ಆಗ್ತಿದೆ?

ಬಚ್ಚಿಟ್ಟು ಸಾಗಿಸ್ಬೇಕು ಅಂದ್ರೆ ಗಾತ್ರ ಸಣ್ಣದಿರ್ಬೇಕು, ಅಮಲು ಜಾಸ್ತಿ ಇರ್ಬೇಕು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಹೆಂಡ ನಿಷೇಧ ಇದ್ದಾಗ ಬಿಯರ್ ಹಿಂದೆ ಬಿತ್ತು, ಕಡಕ್ ಸಾರಾಯಿ ಮುಂದೆ ಬಂತು, ಪೀಪಾಯಿ ಬಿಯರ್ ಯಾರು ಹೊತ್ಕೊಂಡು ಓಡ್ತಾರೆ. ಅದೇ ನ್ಯಾಯ ಅಫೀಮಿಂದ ಹೆರಾಯಿನ್‌ಗೆ, ಹೆರಾಯಿನಿಂದ ಫೆಂಟಾನಿಲ್‌ಗೆ. ಫೆಂಟಾನಿಲ್ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು, ಹೊಲ ಬೇಡ ಮಳೆ ಬೇಡ, ಕೆಮಿಕಲ್ ಇದ್ರೆ ಒಂದು ರೂಮಲ್ಲಿ ಮಾಡ್ಬೋದು, ಲಕೋಟೇಲಿ ಹಾಕಿ ಕಳಿಸ್ಬೋದು. ತಗೊಳ್ಳೋನಿಗೆ ಒಳಗೇನಿದೆ ಎಷ್ಟಿದೆ ಗೊತ್ತಾಗಲ್ಲ, ಬಾಟ್ಲಿ ಮೇಲೆ ಇರೋ ಥರ ಚೀಟಿ ಇರಲ್ಲ. ಹಾಗಾಗಿ ಸಾಯ್ತಿರೋರಲ್ಲಿ ಎಷ್ಟೋ ಜನ ಜಾಸ್ತಿ ತಗೊಂಡು ಸಾಯ್ತಿಲ್ಲ, ಏನು ತಗೊಳ್ತಿದೀವಿ ಅಂತ ಗೊತ್ತಿಲ್ದೆ ಸಾಯ್ತಿದಾರೆ.

ನನ್ನ ಕೇಳಿದ್ರೆ ಎನ್‌ಕೌಂಟರ್ ಮಾಡಿ ಬಿಸಾಕ್ಬೇಕು. ನಾಲ್ಕು ಜನ ಸತ್ರೆ ಮಿಕ್ಕಿದೋರು ಸರಿ ಹೋಗ್ತಾರೆ.

ಇದು ಪ್ರಶ್ನೆ ಅಲ್ಲ, ಆದ್ರೂ ಜಾಸ್ತಿ ಬರೋದು ಇದೇ.

ಥಾಯ್ಲೆಂಡ್‌ನಲ್ಲಿ 2003ರಲ್ಲಿ ಮಾಡಿದ್ರು. ಮೂರು ತಿಂಗಳಲ್ಲಿ ಸುಮಾರು 2,800 ಹೆಣ ಬಿತ್ತು. ಆಮೇಲೆ ಸರ್ಕಾರ ಬದಲಾಗಿ ವಿಚಾರಣಾ ಸಮಿತಿ ಕೂತಾಗ, ಸತ್ತೋರಲ್ಲಿ ಅರ್ಧಕ್ಕೂ ಜಾಸ್ತಿ ಜನಕ್ಕೆ ಡ್ರಗ್ಸ್ ಸಂಬಂಧನೇ ಇರ್ಲಿಲ್ಲ ಅಂತ ಗೊತ್ತಾಯ್ತು. ಯಾರದೋ ಜಮೀನು ಜಗಳ, ಯಾರದೋ ಹಳೇ ದ್ವೇಷ, ಪಟ್ಟೀಲಿ ಹೆಸರು ಸೇರಿಸಿದ್ರೆ ಆಯ್ತು, ಹೀಗೆ ಲಿಸ್ಟ್ ಮಾಡಿ ಕೊಲ್ಲೋ ಕಡೆ ಎಲ್ಲಾ ಆಗೋದು ಇದೇ. ಅಲ್ಲಿ ಓಡೋ ಮೆತ್ (ಮೆತಾಂಫೆಟಮೈನ್ ಅನ್ನೋ ಡ್ರಗ್) ಮಾತ್ರೆ ನಿಂತೂ ಇಲ್ಲ, ತುಟ್ಟಿನೂ ಆಗಿಲ್ಲ.

ಫಿಲಿಪೀನ್ಸ್‌ನಲ್ಲಿ 2016ರಿಂದ ಅಧ್ಯಕ್ಷ ಡುಟೆರ್ಟೆ ಕಾಲದಲ್ಲಿ ಪೊಲೀಸರ ಸ್ವಂತ ಲೆಕ್ಕದಲ್ಲೇ ಕಾರ್ಯಾಚರಣೇಲಿ ಸತ್ತೋರು 6 ಸಾವಿರಕ್ಕೂ ಜಾಸ್ತಿ, ಮಾನವ ಹಕ್ಕು ಸಂಘಟನೆಗಳ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು. ಸತ್ತೋರಲ್ಲಿ ಹೆಚ್ಚಿನವರು ಕೊಳೆಗೇರಿ ಜನನೇ. 2017ರ ಆಗಸ್ಟ್‌ನಲ್ಲಿ 17 ವರ್ಷದ ಹುಡುಗನ್ನ ಕೊಂದು, ಅವನೇ ಮೊದ್ಲು ಗುಂಡು ಹಾರಿಸಿದ ಅಂತ ಪೊಲೀಸ್ರು ಹೇಳಿದ್ರು. ಸಿಸಿಟಿವೀಲಿ ನೋಡಿದ್ರೆ ಪೊಲೀಸ್ರೇ ಒಬ್ಬನ್ನ ಎಳ್ಕೊಂಡು ಹೋಗ್ತಿದಾರೆ. ಮೂರು ಪೊಲೀಸ್ರಿಗೆ 2018ರಲ್ಲಿ ಶಿಕ್ಷೆ ಆಯ್ತು, ಕ್ಯಾಮೆರಾ ಇಲ್ದಿದ್ರೆ ಆ ಹುಡುಗ ಕಡತದಲ್ಲಿ ಇವತ್ತಿಗೂ ಡ್ರಗ್ ಪೆಡ್ಲರ್ ಆಗೇ ಇರ್ತಿದ್ದ. ಡುಟೆರ್ಟೆನ 2025ರ ಮಾರ್ಚ್‌ನಲ್ಲಿ ಅರೆಸ್ಟ್ ಮಾಡಿ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೆ ಕಳ್ಸಿದ್ರು. ನಾಲ್ಕು ಜನ ಸತ್ರೆ ಅಂತೀರಲ್ಲ, ಆ ನಾಲ್ಕು ಜನ ಯಾರು ಅಂತ ಆರಿಸೋದು ನೀವಲ್ಲ.

ಭಯ ಇದ್ರೆ ತಪ್ಪೇನು?

ಭಯ ಜನರನ್ನ ಡ್ರಗ್ಸಿಂದ ದೂರ ಓಡ್ಸಲ್ಲ, ಡಾಕ್ಟರಿಂದ ದೂರ ಓಡ್ಸುತ್ತೆ. ಈ ಇಡೀ ಪುಟದಲ್ಲಿ ಒಂದೇ ಸಾಲು ಓದೋ ಹಾಗಿದ್ರೆ ಇದನ್ನೇ ಓದಿ.

ಫ್ರೆಂಡ್ ಉಸಿರು ನಿಲ್ತಿರುತ್ತೆ, ಆಂಬುಲೆನ್ಸ್‌ಗೆ ಫೋನ್ ಮಾಡಿದ್ರೆ ಪೊಲೀಸ್ರೂ ಬರ್ತಾರೆ ಅಂತ ಮಿಕ್ಕಿದೋರು ಓಡಿ ಹೋಗ್ತಾರೆ. ಸಿರಿಂಜ್ ಇಟ್ಕೊಂಡಿರೋದೇ ಸಾಕ್ಷಿ ಅಂದ್ರೆ ಒಂದೇ ಸೂಜೀನ ಹತ್ತು ಜನ ಚುಚ್ಕೋತಾರೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಆಸ್ಟಿನ್ ಅಂತ ನಾಲ್ಕು ಸಾವಿರ ಜನರ ಪುಟ್ಟ ಊರು, ಅಲ್ಲಿ ಹೊಸ ಸೂಜಿ ಹಂಚೋದೇ ಕಾನೂನುಬಾಹಿರ ಇತ್ತು. 2015ರ ಹೊತ್ತಿಗೆ ಆ ಊರು ಸುತ್ತಮುತ್ತ ಸುಮಾರು 200 ಜನಕ್ಕೆ ಎಚ್‌ಐವಿ. ಗವರ್ನರ್ ಮೈಕ್ ಪೆನ್ಸ್ ಕೊನೆಗೆ ತುರ್ತು ಆದೇಶ ಹೊರಡಿಸಿ ಸೂಜಿ ಹಂಚೋಕೆ ಬಿಟ್ರು, ಸೋಂಕು ಇಳೀತು. ಇಳಿದ್ಮೇಲೆ 2021ರಲ್ಲಿ ಕೌಂಟಿಯವರು ಏನ್ ಮಾಡಿದ್ರು ಗೊತ್ತಾ, ಆ ಯೋಜನೆ ಮುಚ್ಚೋಕೆ ಓಟ್ ಹಾಕಿದ್ರು. ಛತ್ರಿ ಹಿಡಿದಿದ್ದಕ್ಕೆ ನೆನೀಲಿಲ್ಲ, ಹಾಗಾಗಿ ಛತ್ರಿ ಯಾಕೆ ಅನ್ನೋ ಬುದ್ಧಿವಂತಿಕೆ.

ಜೈಲಲ್ಲಿ ಇದ್ರೆ ಕಡೇಪಕ್ಷ ಚಟ ಬಿಟ್ಟುಹೋಗುತ್ತಲ್ಲ?

ಮೊದಲನೇದಾಗಿ ಜೈಲಲ್ಲೂ ಸಿಗುತ್ತೆ, ಅದು ಎಲ್ಲರಿಗೂ ಗೊತ್ತು. ಸಿಗ್ಲಿಲ್ಲ ಅಂತನೇ ಇಟ್ಕೊಳ್ಳಿ, ದೇಹ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಕಳ್ಕೊಂಡಿರುತ್ತೆ, ಆಸೆ ಮಾತ್ರ ಹಾಗೇ ಇರುತ್ತೆ. ಹೊರಗೆ ಬಂದ ದಿನ ಹಳೇ ಲೆಕ್ಕದಲ್ಲೇ ತಗೊಂಡ್ರೆ ಮುಗೀತು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆ ಆದ 30 ಸಾವಿರ ಕೈದಿಗಳನ್ನ ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯೋ ಅಪಾಯ ಸಾಮಾನ್ಯ ಜನಕ್ಕಿಂತ 129 ಪಟ್ಟು ಅಂತ ಸಿಕ್ತು. ಗೇಟ್ ತೆಗೆದು ಸಾವಿನ ಕಡೆ ಕಳ್ಸೋದಕ್ಕೆ ಸುಧಾರಣೆ ಅಂತಾರೆ.

ಬಲವಂತದ ಕ್ಯಾಂಪುಗಳೂ ಅಷ್ಟೇ. ಏಷ್ಯಾದ ಹಲವು ದೇಶಗಳಲ್ಲಿ ವಿಚಾರಣೆ ಇಲ್ದೆ ಹಿಡ್ಕೊಂಡು ಹೋಗಿ, ಹೊಡೆದು ದುಡಿಸಿ ಅದನ್ನೇ ಚಿಕಿತ್ಸೆ ಅಂದಿದ್ದಕ್ಕೆ 2012ರಲ್ಲಿ ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು ಒಟ್ಟಾಗಿ ಮುಚ್ಚಿ ಅಂದ್ವು. ಹೆರಾಯಿನ್ ಥರದ್ದರ ಚಟಕ್ಕೆ ನಿಜವಾಗಿ ಕೆಲಸ ಮಾಡೋ ಚಿಕಿತ್ಸೆ ಬೋರಿಂಗ್ ಆಗಿರುತ್ತೆ: ಮೆಥಡೋನ್, ಬ್ಯುಪ್ರೆನಾರ್ಫಿನ್ ಥರದ ಔಷಧಿ, ದಿನಾ, ಬಹಳ ದಿನ. ಅದ್ರಲ್ಲಿರೋತನಕ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ.

ಕ್ಯಾನ್ಸರ್ ರೋಗಿಗಳಿಗೂ ಇದಕ್ಕೂ ಏನ್ ಸಂಬಂಧ?

ತುಂಬಾ ಇದೆ, ಯಾರೂ ಮಾತಾಡಲ್ಲ. ತೀವ್ರ ನೋವಿಗೆ ಕೊಡೋ ಮಾರ್ಫಿನ್ ಅಂದ್ರೆ ಅಫೀಮಿಂದ ಬರೋದೇ. ಭಾರತ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶದ ಔಷಧಿ ಕಂಪನಿಗಳಿಗೆ ಮಾರುತ್ತೆ. ಅದೇ ದೇಶದಲ್ಲಿ 1985ರ ಕಾಯ್ದೆ ಬಂದ್ಮೇಲೆ ಆಸ್ಪತ್ರೆಗೆ ಒಂದಿಷ್ಟು ಮಾರ್ಫಿನ್ ತರಿಸೋಕೆ ಬೇರೆ ಬೇರೆ ಇಲಾಖೆಯಿಂದ ನಾಲ್ಕೈದು ಲೈಸೆನ್ಸು, ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರೋದು, ತಪ್ಪಿದ್ರೆ ಜೈಲು. ಡಾಕ್ಟರುಗಳು ಸಹವಾಸವೇ ಬೇಡ ಅಂತ ಕೈಬಿಟ್ರು, ಔಷಧಿ ಅಂಗಡಿಗಳೂ ಇಡೋದು ನಿಲ್ಸಿದ್ವು, ಬಳಕೆ ಪಾತಾಳಕ್ಕೆ ಹೋಯ್ತು. ಕೊನೇ ದಿನಗಳಲ್ಲಿ ಮೂಳೆವರೆಗೆ ಕ್ಯಾನ್ಸರ್ ಹಬ್ಬಿದೋರು ಪ್ಯಾರಾಸಿಟಮಾಲ್ ನುಂಗ್ಕೊಂಡು ಕಿರುಚ್ತಾ ಸತ್ರು. ಯಾವ ಡ್ರಗ್ ಮಾಫಿಯಾ ಅಡಗಿಸೋಕೆ ಇದು ಬೇಕಿತ್ತು? 2014ರ ತಿದ್ದುಪಡೀಲಿ ಲೈಸೆನ್ಸ್ ಸರಳ ಮಾಡಿದ್ರು, ಡಾಕ್ಟರುಗಳ ಮನಸ್ಸಲ್ಲಿರೋ ಹೆದರಿಕೆಗೆ ತಿದ್ದುಪಡಿ ಇನ್ನೂ ಬಂದಿಲ್ಲ. 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ ಪ್ರಪಂಚದಲ್ಲಿ ವರ್ಷಕ್ಕೆ ಹಂಚಿಕೆಯಾಗೋ ಸುಮಾರು 299 ಟನ್ ಮಾರ್ಫಿನ್ ಸಮಾನ ಔಷಧೀಲಿ ಅತಿ ಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್.

ಪೋರ್ಚುಗಲ್‌ನಲ್ಲಿ ಎಲ್ಲಾ ಲೀಗಲ್ ಮಾಡಿದಾರಂತೆ ಹೌದಾ?

ಅಲ್ಲ. ಅಲ್ಲೂ ಮಾರಿದ್ರೆ ಜೈಲೇ. 2001ರ ಜುಲೈನಿಂದ ಹತ್ತು ದಿನಕ್ಕೆ ಬೇಕಾಗೋ ಅಷ್ಟರೊಳಗೆ ಇಟ್ಕೊಂಡಿದ್ರೆ ಅದು ಕ್ರಿಮಿನಲ್ ಕೇಸ್ ಅಲ್ಲ, ಕೋರ್ಟ್ ಬದ್ಲು ಮೂರು ಜನರ ಸಮಿತಿ ಮುಂದೆ ಕೂರ್ಬೇಕು, ಕಾನೂನು, ಆರೋಗ್ಯ, ಸಮಾಜಸೇವೆ ಗೊತ್ತಿರೋ ಜನ. ಚಟ ಇದ್ರೆ ಚಿಕಿತ್ಸೆ ಕಡೆ ತಳ್ತಾರೆ, ಇಲ್ದಿದ್ರೆ ಬಹಳ ಸಲ ಹಾಗೇ ಕಳಿಸ್ತಾರೆ. 90ರ ದಶಕದಲ್ಲಿ ಆ ದೇಶದಲ್ಲಿ ನೂರರಲ್ಲಿ ಒಬ್ರಿಗೆ ಹೆರಾಯಿನ್ ಸಮಸ್ಯೆ ಇತ್ತು, ಡ್ರಗ್ಸ್ ಚುಚ್ಕೊಳ್ಳೋರಲ್ಲಿ ವರ್ಷಕ್ಕೆ ಸಾವಿರ ಲೆಕ್ಕದಲ್ಲಿ ಹೊಸ ಎಚ್‌ಐವಿ ಕೇಸ್ ಬರ್ತಿತ್ತು, ಅದು ಬೆರಳೆಣಿಕೆ ಹತ್ರಕ್ಕೆ ಇಳೀತು. ಸ್ವರ್ಗ ಆಯ್ತು ಅಂತ ನಾನು ಹೇಳಲ್ಲ, 2012ರ ಹೊತ್ತಿಗೆ ಖರ್ಚು ಕಡಿತ ಅಂತ ಚಿಕಿತ್ಸೆ ನೋಡ್ಕೊಳ್ತಿದ್ದ ಸರ್ಕಾರಿ ಸಂಸ್ಥೆಯನ್ನೇ ಒಡೆದು ಹಾಕಿದ್ರು, ಅದರ ಪೆಟ್ಟು ಈಗ ಕಾಣ್ತಿದೆ.

ಆರೆಗಾನ್‌ನಲ್ಲಿ ಫೇಲ್ ಆಯ್ತಲ್ಲ, ಅದಕ್ಕೇನಂತೀರಾ?

ನ್ಯಾಯವಾದ ಪ್ರಶ್ನೆ. ಅಮೆರಿಕದ ಆರೆಗಾನ್ ರಾಜ್ಯ 2021ರ ಫೆಬ್ರವರೀಲಿ ಇಟ್ಕೊಳ್ಳೋದನ್ನ ಅಪರಾಧದ ಪಟ್ಟಿಯಿಂದ ತೆಗೀತು, 100 ಡಾಲರ್ ದಂಡದ ಚೀಟಿ, ಸಹಾಯವಾಣಿಗೆ ಫೋನ್ ಮಾಡಿದ್ರೆ ಅದೂ ಮಾಫಿ. ಫೋನ್ ಮಾಡಿದೋರು ಕಮ್ಮಿ, ಚಿಕಿತ್ಸೆಗೆ ಇಟ್ಟ ದುಡ್ಡು ಕೈಗೆ ಬರೋದು ತಡ ಆಯ್ತು, ಅದೇ ಟೈಮಿಗೆ ಫೆಂಟಾನಿಲ್ ಬಂದು ನುಗ್ತು, ಬೀದೀಲೇ ಸೇದೋದು ನೋಡಿ ಜನ ರೊಚ್ಚಿಗೆದ್ರು. 2024ರ ಸೆಪ್ಟೆಂಬರಿಂದ ಮತ್ತೆ ಅಪರಾಧ. ಪೋರ್ಚುಗಲ್‌ನಲ್ಲಿ ಚಿಕಿತ್ಸೆ ಕಟ್ಟಿ ಆಮೇಲೆ ಪೊಲೀಸ್ರನ್ನ ಹಿಂದಕ್ಕೆ ಸರಿಸಿದ್ರು, ಇಲ್ಲಿ ಪೊಲೀಸ್ರನ್ನ ಸರಿಸಿ ಆಮೇಲೆ ಚಿಕಿತ್ಸೆ ಕಟ್ಟೋಕೆ ಹೊರಟ್ರು. ಬಾವಿ ತೋಡೋಕೆ ಮುಂಚೆ ನಲ್ಲಿ ಕಿತ್ರೆ ಹೀಗೇ ಆಗೋದು. ಇದು ನಮ್ಮ ಕಡೆಯೋರ ತಪ್ಪೇ, ಒಪ್ಕೊಳ್ಬೇಕು.

ನಮ್ಮ ಮನೇಲೇ ಒಬ್ರು ಹೀಗಿದಾರೆ, ಈಗ ಏನ್ ಮಾಡ್ಲಿ?

ಕೂಡಿ ಹಾಕ್ಬೇಡಿ, ಹೊಡೀಬೇಡಿ. ಹೆಂಡ, ನಿದ್ದೆ ಮಾತ್ರೆ ಚಟ ಆಗಿದ್ರೆ ಮನೇಲೇ ದಿಢೀರ್ ನಿಲ್ಸೋಕೆ ಹೋಗ್ಬೇಡಿ, ಫಿಟ್ಸ್ ಬಂದು ಜೀವಕ್ಕೇ ಅಪಾಯ, ಡಾಕ್ಟರ್ ನೋಡ್ಲಿ. ಭಾರತದಲ್ಲಿದ್ರೆ 64ಎ ಬಗ್ಗೆ ವಕೀಲರ ಹತ್ರ ಒಂದ್ಸಲ ಕೇಳಿ. ಹೆರಾಯಿನ್ ಥರದ್ದಾಗಿದ್ರೆ ನಲಾಕ್ಸೋನ್ (ಅದರ ಓವರ್‌ಡೋಸ್ ಇಳಿಸೋ ಔಷಧಿ) ಎಲ್ಲಿ ಸಿಗುತ್ತೆ ಅಂತ ಮೊದ್ಲೇ ವಿಚಾರಿಸಿಟ್ಕೊಳ್ಳಿ.

ರಿಹ್ಯಾಬಿಂದನೋ ಜೈಲಿಂದನೋ ವಾಪಸ್ ಬಂದಿದ್ರೆ ಮೊದಲ ಕೆಲವು ವಾರ ಒಬ್ರನ್ನೇ ಬಿಡ್ಬೇಡಿ, ಹಳೇ ಡೋಸ್ ಈಗ ಕೊಲ್ಲುತ್ತೆ ಅಂತ ಅವರಿಗೆ ಬಾಯಿಬಿಟ್ಟು ಹೇಳಿ, ಹೇಳಿದ್ರೆ ನೆನಪು ಮಾಡಿದ ಹಾಗಾಗುತ್ತೆ ಅಂತ ಸುಮ್ನಿರ್ಬೇಡಿ. ಬಾತ್‌ರೂಮ್ ಚಿಲಕ ಒಳಗಿಂದ ಹಾಕ್ಕೊಳ್ಳೋದು ಬೇಡ ಅಂತ ಒಪ್ಪಂದ ಮಾಡ್ಕೊಳ್ಳಿ. ತುಟಿ ನೀಲಿ ಆಗಿ, ಗೊರಗೊರ ಉಸಿರು ಬರ್ತಾ, ಅಲುಗಾಡಿಸಿದ್ರೂ ಏಳ್ತಿಲ್ಲ ಅಂದ್ರೆ ಆಂಬುಲೆನ್ಸ್ ಕರೀರಿ, ನಲಾಕ್ಸೋನ್ ಇದ್ರೆ ಕೊಡಿ, ಉಸಿರಾಡ್ತಿದ್ರೆ ಒಂದು ಮಗ್ಗುಲಿಗೆ ಮಲಗ್ಸಿ, ನಿಂತೇ ಹೋಗಿದ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಬಂದ ಡಾಕ್ಟರಿಗೆ ಏನು ತಗೊಂಡಿದ್ರು ಅಂತ ಮರ್ಯಾದೆ ನೋಡ್ದೆ ಹೇಳಿ.